ರಷ್ಯ–ಚೀನಗಳ ಎಲ್ಲೆಯಿಲ್ಲದ ಸ್ನೇಹ

2025ರ ಮುಂಗಾರಿನಲ್ಲಿ ಒಂದು ದಿನ ಬಿ.ದುರ್ಗದ ಗೊಬ್ಬರದ ಅಂಗಡಿಯೊಂದರ ಜಗಲಿಯ ಮೇಲೆ ನಾವು ಕುಳಿತಿದ್ದೆವು. ಮೆಕ್ಕೆಜೋಳದ ಬಿತ್ತನೆಯ ಹೊತ್ತು. ಭೂಮಿ ಹದವಾಗಿತ್ತು, ಬೀಜ ಮನೆಯಲ್ಲಿತ್ತು, ಡಿ.ಎ.ಪಿ. ಮಾತ್ರ ಇರಲಿಲ್ಲ. ಆಧಾರ್ ಕಾರ್ಡು ಹಿಡಿದು ಬೆಳಗಿನಿಂದ ನಿಂತವರ ಸಾಲು ರಸ್ತೆಯವರೆಗೆ ಬಂದಿತ್ತು. ಅಂಗಡಿಯ ಯಜಮಾನರು ಕೈಚೆಲ್ಲಿ, "ಚೀನದವರು ಕಳಿಸ್ತಿಲ್ಲವಂತೆ ಸ್ವಾಮಿ, ನಾನೇನು ಮಾಡ್ಲಿ?" ಎಂದರು. ಸಾಲಿನಲ್ಲಿದ್ದ ಹಿರಿಯರೊಬ್ಬರು, "ಚೀನದವನು ಕೊಡದಿದ್ರೆ ರಷ್ಯದವನು ಕೊಡ್ತಾನೆ ಬಿಡಪ್ಪ, ಅವನು ನಮ್ಮವನು" ಎಂದರು. ಅವರ ಹಿಂದೆ ನಿಂತಿದ್ದ ಹುಡುಗ, ಗಾರ್ಮೆಂಟ್ಸ್‌ನಲ್ಲಿ ದುಡಿದು ರಜೆಗೆ ಊರಿಗೆ ಬಂದವನು, "ಅಜ್ಜಾ, ಅವರಿಬ್ರೂ ಒಂದೇ ಆಗ್ಯಾರೆ, ಮೊಬೈಲ್ನಾಗೆ ನೋಡಿಲ್ಲೇನು?" ಎಂದು ನಕ್ಕ. ಹಿರಿಯರಿಗೆ ಸಿಟ್ಟು ಬಂತು. ಹುಡುಗನೂ ಬಿಡಲಿಲ್ಲ. ಗೊಬ್ಬರದ ಸಾಲು ಅರ್ಧ ಗಂಟೆ ಹೊತ್ತು ವಿದೇಶಾಂಗ ನೀತಿಯ ಸಭೆಯಾಯಿತು.

ಆ ಜಗಲಿಯ ಮೇಲೆ ಎದ್ದ ಪ್ರಶ್ನೆಯನ್ನೇ ಈ ವಾರ ಓದುಗರ ಮುಂದಿಡುತ್ತಿದ್ದೇವೆ. ರಷ್ಯ ನಮ್ಮದೆ? ರಷ್ಯ ಮತ್ತು ಚೀನ ಒಂದೆ? ಇದು ದಿಲ್ಲಿಯ ದೊಡ್ಡವರ ವಿಷಯ, ನಮಗೇಕೆ ಎನ್ನುವವರು ಇದ್ದಾರೆ. ಮೊಳಕಾಲ್ಮೂರಿನ ನೇಕಾರರನ್ನು ಅವರು ಕೇಳಿ ನೋಡಲಿ. ಚೀನದ ರೇಷ್ಮೆ ನೂಲಿನ ಧಾರಣೆ ಏರಿತೋ ಇಳಿಯಿತೋ ಎಂಬುದು ಅವರಿಗೆ ಒಲೆಯ ಪ್ರಶ್ನೆ. ಕಪ್ಪು ಸಮುದ್ರದ ದಡದಲ್ಲಿ ಯುದ್ಧ ಹತ್ತಿದ ವರ್ಷ ಸೂರ್ಯಕಾಂತಿ ಎಣ್ಣೆಯ ಬೆಲೆ ಏನಾಯಿತೆಂದು ಚಳ್ಳಕೆರೆಯ ಎಣ್ಣೆ ವ್ಯಾಪಾರಿಗಳನ್ನು ಕೇಳಲಿ. ಅದೇ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲನ್ನು ನಂಬಿ ಕುರಿ ದನ ಸಾಕಿದ್ದವರು ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ ಮೊದಲಾದ ಸಂಸ್ಥೆಗಳಿಗಾಗಿ ಕಳೆದುಕೊಂಡರು. ಚೀನದ ಬಲಕ್ಕೆ ಸಮನಾಗಬೇಕೆಂಬ ಲೆಕ್ಕ ಅದರ ಹಿಂದೆ ಇರಲಿಲ್ಲವೆಂದು ಯಾರಾದರೂ ಹೇಳಬಲ್ಲರೆ? ದೊಡ್ಡವರ ಸ್ನೇಹಕ್ಕೂ ವೈರಕ್ಕೂ ಸಣ್ಣವರೇ ಹಣ ತೆರುವುದು ವಾಡಿಕೆಯಾಗಿರುವಾಗ, ಆ ಸ್ನೇಹದ ಕರಾರು ಏನೆಂದು ಓದಿ ನೋಡುವ ಹಕ್ಕೂ ಸಣ್ಣವರಿಗೆ ಉಂಟು.

ಕರಾರಿನಿಂದಲೇ ಪ್ರಾರಂಭಿಸೋಣ. 2022ರ ಫೆಬ್ರವರಿ 4ರಂದು, ಚಳಿಗಾಲದ ಒಲಿಂಪಿಕ್ ಪಂದ್ಯಗಳು ಆರಂಭವಾದ ದಿನ, ಬೀಜಿಂಗ್ ನಗರದಲ್ಲಿ ಪುಟಿನ್ ಮತ್ತು ಷಿ ಜಿನ್‌ಪಿಂಗ್ ಒಂದು ಜಂಟಿ ಹೇಳಿಕೆ ಹೊರಡಿಸಿದರು. ಉಭಯ ದೇಶಗಳ ಸ್ನೇಹಕ್ಕೆ ಎಲ್ಲೆಗಳಿಲ್ಲವೆಂದು ಅದರಲ್ಲಿ ಸಾರಲಾಗಿತ್ತು. ಸರಿಯಾಗಿ ಇಪ್ಪತ್ತು ದಿನಗಳಾದ ಮೇಲೆ ರಷ್ಯದ ಸೇನೆ ಉಕ್ರೇನಿನೊಳಗೆ ನುಗ್ಗಿತು. ಆ ಯುದ್ಧ ನಮಗೆ ಪತ್ರಿಕೆಯ ಸುದ್ದಿ ಮಾತ್ರವಾಗಿ ಉಳಿಯಲಿಲ್ಲ. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಇಲ್ಲಿ ಡಾಕ್ಟರ್ ಓದಲು ಲಕ್ಷಗಟ್ಟಲೆ ಸುರಿಯಲಾರದ ಮನೆಗಳ ಮಕ್ಕಳು ಅಷ್ಟು ದೂರ ಹೋಗಿದ್ದರು. ಆ ಮಾತು ಬೇರೆ, ಇನ್ನೊಮ್ಮೆ ಬರೆಯುತ್ತೇವೆ.

ಎಲ್ಲೆಯಿಲ್ಲವೆಂಬ ಮಾತನ್ನು ಕೇಳಿದಾಗ ನಮಗೆ ನೆನಪಾದದ್ದು ಹಿಂದಿನ ಕರಾರು. 1949ರ ಡಿಸೆಂಬರಿನಲ್ಲಿ ಮಾವೋ ತ್ಸೆ-ತುಂಗ್ ಮಾಸ್ಕೋಗೆ ಹೋದರು. ಎರಡು ತಿಂಗಳು ಅಲ್ಲಿಯೇ ಇರಬೇಕಾಯಿತು. ಸ್ಟಾಲಿನ್ ಅವರನ್ನು ಕಾಯಿಸಿದರು, ಮಾತನಾಡಿಸಿದರು, ಮತ್ತೆ ಕಾಯಿಸಿದರು. ಕೊನೆಗೆ 1950ರ ಫೆಬ್ರವರಿ 14ರಂದು ಮೂವತ್ತು ವರ್ಷಗಳ ಮೈತ್ರಿ ಮತ್ತು ಪರಸ್ಪರ ನೆರವಿನ ಒಪ್ಪಂದಕ್ಕೆ ರುಜು ಬಿತ್ತು. ಸಹೋದರ ರಾಷ್ಟ್ರಕ್ಕೆ ಸೋವಿಯತ್ ಸರ್ಕಾರ ಕೊಟ್ಟದ್ದು 30 ಕೋಟಿ ಡಾಲರ್, ಅದೂ ದಾನವಲ್ಲ, ಶೇಕಡಾ ಒಂದು ಬಡ್ಡಿಯ ಸಾಲ. ಆಗ ಜಗತ್ತಿನ ಅರ್ಧ ಜನ ಇನ್ನು ಇವರಿಬ್ಬರನ್ನು ಅಗಲಿಸುವವರಿಲ್ಲವೆಂದು ತಿಳಿದರು. ಎರಡೂ ಕಡೆ ಕೆಂಬಾವುಟ. ಎರಡೂ ಕಡೆ ಗೋಡೆಯ ಮೇಲೆ ಮಾರ್ಕ್ಸ್‌ನ ಪಟ.

ಹತ್ತು ವರ್ಷ ತುಂಬುವುದರೊಳಗೆ ಆಗಿದ್ದೇನು? 1956ರಲ್ಲಿ ಕ್ರುಶ್ಚೇವ್ ಸ್ಟಾಲಿನ್ನರ ತಪ್ಪುಗಳನ್ನು ಬಿಚ್ಚಿಟ್ಟಾಗ ಪೀಕಿಂಗಿಗೆ ಮುಜುಗರವಾಯಿತು. 1960ರ ಬೇಸಗೆಯಲ್ಲಿ ಸೋವಿಯತ್ ಸರ್ಕಾರ ಚೀನದಲ್ಲಿದ್ದ ತನ್ನ 1,390 ತಜ್ಞರನ್ನು ಒಂದೇ ಸಲಕ್ಕೆ ವಾಪಸು ಕರೆಸಿಕೊಂಡಿತು. ಅರ್ಧ ಕಟ್ಟಿದ ಕಾರ್ಖಾನೆಗಳು ಹಾಗೆಯೇ ನಿಂತವು, ನಕ್ಷೆಗಳು ತಜ್ಞರ ಪೆಟ್ಟಿಗೆಗಳಲ್ಲಿ ಮಾಸ್ಕೋ ಸೇರಿದವು. ಆ ವರ್ಷ ಚೀನದಲ್ಲಿ ಘೋರ ಕ್ಷಾಮ. 1969ರ ಮಾರ್ಚಿನಲ್ಲಿ ಉಸ್ಸುರಿ ನದಿಯ ಒಂದು ದ್ವೀಪಕ್ಕಾಗಿ ಎರಡು ಕಮ್ಯುನಿಸ್ಟ್ ಸೇನೆಗಳು ಗುಂಡು ಹಾರಿಸಿಕೊಂಡವು. ರಷ್ಯರು ಅದನ್ನು ದಮಾನ್‌ಸ್ಕಿ ಎಂದರು, ಚೀನೀಯರು ಝೆನ್‌ಬಾವೊ ಎಂದರು, ಹೆಪ್ಪುಗಟ್ಟಿದ ಆ ನೀರಿನ ಮೇಲೆ ಸತ್ತವರು ರೈತರ ಮಕ್ಕಳು. 1972ರಲ್ಲಿ ಮಾವೋ ಅವರು ಅಮೆರಿಕದ ನಿಕ್ಸನ್‌ಗೆ ಹಸ್ತಲಾಘವ ಕೊಟ್ಟರು. 1979ರಲ್ಲಿ ಚೀನ, ರಷ್ಯದ ಮಿತ್ರನಾಗಿದ್ದ ವಿಯೆಟ್ನಾಮಿನ ಮೇಲೆ ದಂಡೆತ್ತಿ ಹೋಯಿತು. ಮರುವರ್ಷ ಆ ಮೂವತ್ತು ವರ್ಷಗಳ ಒಪ್ಪಂದದ ಅವಧಿ ತೀರಿತು. ಯಾರೂ ನವೀಕರಣ ಕೇಳಲಿಲ್ಲ. ಒಂದೇ ದೇವರ ಗುಡಿಯಲ್ಲಿ ಇಬ್ಬರು ಪೂಜಾರಿಗಳಿದ್ದರೆ ಜಗಳ ಮಂತ್ರಕ್ಕೆ ಬರುವುದಿಲ್ಲ, ಹುಂಡಿಗೆ ಬರುತ್ತದೆ.

ಈ ಜಗಳದ ಧೂಳು ನಮ್ಮ ಮಿಲ್ಲುಗಳ ಗೇಟಿಗೂ ಬಂತೆಂಬುದನ್ನು ಹಳೆಯ ಸಂಗಾತಿಗಳು ಬಲ್ಲರು. 1964ರಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಇಬ್ಭಾಗವಾಯಿತು. ಒಡೆಯುವುದಕ್ಕೆ ನಮ್ಮ ದೇಶದ ಕಾರಣಗಳೂ ಬೇಕಾದಷ್ಟಿದ್ದವು. ಆದರೆ ಮಾಸ್ಕೋ ಸರಿಯೋ ಪೀಕಿಂಗ್ ಸರಿಯೋ ಎಂಬ ವಾದ ಆ ಬೆಂಕಿಗೆ ಸುರಿದ ಎಣ್ಣೆ. 1970ರಲ್ಲಿ ಕಾರ್ಮಿಕ ಸಂಘವೂ ಎರಡಾಯಿತು. ಎ.ಐ.ಟಿ.ಯು.ಸಿ. ಒಂದು ಕಡೆ ಉಳಿಯಿತು, ಸಿ.ಐ.ಟಿ.ಯು. ಹೊಸದಾಗಿ ಹುಟ್ಟಿತು. 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ದಾವಣಗೆರೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡದ್ದು. ಸಿ.ಪಿ.ಐ.ನ ಪಂಪಾಪತಿಯವರನ್ನು ಶಾಸಕರನ್ನಾಗಿ ಕಳಿಸಿದ ಊರು. ಅಂಥ ಊರಿನ ಕೂಲಿಕಾರ ತನ್ನ ಬೋನಸ್ಸಿಗಾಗಿ, ಮೂರನೆಯ ಪಾಳಿಯ ಭತ್ಯೆಗಾಗಿ ಹೋರಾಡುತ್ತಿದ್ದಾಗ, ಅವನ ನಾಯಕರಲ್ಲಿ ಅರ್ಧ ಜನ ಉಸ್ಸುರಿ ನದಿಯ ಯಾವ ದಡ ಯಾರದು ಎಂದು ಚರ್ಚಿಸಬೇಕಾಗಿ ಬಂದದ್ದು ದುರದೃಷ್ಟ. ಮಾಲೀಕರು ಮಾತ್ರ ಒಡೆಯಲಿಲ್ಲ. ಹೀಗೆ ಬರೆಯುವ ನಮ್ಮನ್ನು ನೋಡಿ ಕಮ್ಯುನಿಸ್ಟ್ ಗೆಳೆಯರು ನಗಬಹುದು. ನಗಲಿ, ಸಮಾಜವಾದಿಗಳಾದ ನಮಗೆ ಒಡೆಯುವುದಕ್ಕೆ ಮಾಸ್ಕೋ ಆಗಲಿ ಪೀಕಿಂಗ್ ಆಗಲಿ ಬೇಕಾಗಿರಲಿಲ್ಲ. 1955ರಲ್ಲಿ ನಾವು ನಮ್ಮ ಸ್ವಂತ ಶಕ್ತಿಯಿಂದಲೇ ಒಡೆದೆವು, ಆಮೇಲೆಯೂ ಎಷ್ಟೋ ಸಲ.

ಇನ್ನು ಇಂದಿನ ಪಾಲುದಾರಿಕೆಗೆ ಬರೋಣ. ಅದು ಬರೀ ನಾಟಕವೆಂದು ಹೇಳಿದರೆ ತಪ್ಪಾದೀತು. 1989ರಲ್ಲಿ ಗೋರ್ಬಚೇವ್ ಬೀಜಿಂಗಿಗೆ ಹೋಗಿ ಹಳೆಯ ಜಗಳಕ್ಕೆ ತೆರೆ ಎಳೆದರು. 1996ರಲ್ಲಿ ಯೆಲ್ಟ್ಸಿನ್ ಮತ್ತು ಜಿಯಾಂಗ್ ಜೆಮಿನ್ ಇದಕ್ಕೆ ಪಾಲುದಾರಿಕೆಯೆಂದು ಹೆಸರಿಟ್ಟರು. 2001ರ ಜುಲೈ 16ರಂದು ಇಪ್ಪತ್ತು ವರ್ಷಗಳ ನೆರೆಹೊರೆ ಸ್ನೇಹದ ಒಪ್ಪಂದವಾಯಿತು. 2021ರಲ್ಲಿ ಅದನ್ನು ಐದು ವರ್ಷ ಮುಂದುವರಿಸಿದರು. ನಾಲ್ಕು ಸಾವಿರ ಕಿಲೋಮೀಟರಿಗೂ ಮೀರಿದ ಗಡಿಯಲ್ಲಿ ಕಲ್ಲು ನೆಟ್ಟು ಮುಗಿಸಿದರು. ಇದು ಸಣ್ಣ ಕೆಲಸವಲ್ಲ. ಆ ಗಡಿಯಲ್ಲಿ ಸೇನೆ ನಿಲ್ಲಿಸುವ ಖರ್ಚು ಇಬ್ಬರಿಗೂ ಉಳಿಯಿತು. ರಷ್ಯ ಪಶ್ಚಿಮಕ್ಕೆ ಮುಖ ಮಾಡಿತು, ಚೀನ ಸಮುದ್ರದ ಕಡೆಗೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತವರು ಎನ್ನಬಹುದು. ಆದರೆ ಬೆನ್ನಿಗೆ ಬೆನ್ನು ಕೊಟ್ಟವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂಬುದೂ ನಿಜ. ಮುಖ್ಯವಾಗಿ ಓದುಗರು ಗಮನಿಸಬೇಕಾದದ್ದು ಇದು: 1950ರ ಕರಾರಿನಲ್ಲಿ ಒಬ್ಬರ ಮೇಲೆ ಯುದ್ಧ ಬಂದರೆ ಇನ್ನೊಬ್ಬರು ಸೈನ್ಯ ಸಮೇತ ಬರಬೇಕೆಂದಿತ್ತು. 2001ರ ಕರಾರಿನಲ್ಲಿ ಆ ಮಾತಿಲ್ಲ. ಅಪಾಯ ಬಂದರೆ ಕೂಡಿ ಸಮಾಲೋಚಿಸುತ್ತೇವೆ ಎಂದಷ್ಟೇ ಇದೆ. ಹಿಂದಿನ ಅನುಭವದಿಂದ ಇಬ್ಬರೂ ಜಾಣರಾಗಿದ್ದಾರೆ.

ಯುದ್ಧ ಬಂದಾಗ ಆ ಜಾಣತನ ಕಾಣಿಸಿತು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 141 ದೇಶಗಳು ರಷ್ಯದ ದಾಳಿಯನ್ನು ಖಂಡಿಸಿದವು, ಐದು ವಿರೋಧಿಸಿದವು. ಎಲ್ಲೆಯಿಲ್ಲದ ಸ್ನೇಹಿತನಾದ ಚೀನ ಆ ಐದರಲ್ಲಿ ಇರಲಿಲ್ಲ. ನಮ್ಮ ಭಾರತದಂತೆಯೇ ಮತ ಚಲಾಯಿಸದೆ ಕುಳಿತಿತು. 2014ರಲ್ಲಿ ರಷ್ಯ ಸೇರಿಸಿಕೊಂಡ ಕ್ರೈಮಿಯವನ್ನು ರಷ್ಯದ್ದೆಂದು ಚೀನ ಒಪ್ಪಿಕೊಂಡಿಲ್ಲ. ತೈವಾನನ್ನೂ ಟಿಬೆಟ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡವರು, ಒಂದು ಪ್ರದೇಶ ಮತ ಹಾಕಿ ದೇಶ ಬಿಟ್ಟು ಹೋಗಬಹುದೆಂದು ಹೇಗೆ ಒಪ್ಪಿಯಾರು? 2022ರ ನವೆಂಬರಿನಲ್ಲಿ ಜರ್ಮನಿಯ ಪ್ರಧಾನಿ ಎದುರು ಕುಳಿತಾಗ, ಅಣ್ವಸ್ತ್ರದ ಬೆದರಿಕೆ ಕೂಡದೆಂದು ಷಿ ಜಿನ್‌ಪಿಂಗ್ ಹೇಳಿದರು. ಬೆದರಿಕೆ ಹಾಕುತ್ತಿದ್ದವರು ಯಾರೆಂದು ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. 2023ರ ಮಾರ್ಚಿನಲ್ಲಿ ಮಾಸ್ಕೋದಲ್ಲಿ ಇಬ್ಬರೂ ಕೂಡಿ, ಅಣ್ವಸ್ತ್ರಗಳನ್ನು ಪರದೇಶಗಳಲ್ಲಿ ಇಡಬಾರದೆಂದು ಬರೆದುಕೊಟ್ಟರು. ಆ ಮಸಿ ಆರುವ ಮುಂಚೆ, ಕೆಲವೇ ದಿನಗಳಲ್ಲಿ, ಬೆಲರೂಸಿನಲ್ಲಿ ಅಣ್ವಸ್ತ್ರ ಇಡುತ್ತೇವೆಂದು ಪುಟಿನ್ ಸಾರಿದರು. ಕೊನೆಗೆ ರಷ್ಯದ ಪರವಾಗಿ ಸೈನಿಕರನ್ನು ಕಳಿಸಿದವರು ಚೀನದವರಲ್ಲ, ಉತ್ತರ ಕೊರಿಯದವರು. ಚೀನ ಯಂತ್ರ ಮಾರಿತು, ಬಿಡಿಭಾಗ ಮಾರಿತು, ಎಣ್ಣೆ ಕೊಂಡಿತು. ನೆತ್ತರು ಕೊಡಲಿಲ್ಲ.

ಕೊಳ್ಳುವ ಮಾತು ಬಂತು. ಇಲ್ಲಿ ನಮ್ಮ ಅಡಿಕೆ ಸೀಮೆಯ ಓದುಗರಿಗೆ ಒಂದು ಮಾತು. ಖೇಣಿ ವ್ಯಾಪಾರ ಏನೆಂಬುದನ್ನು ಹೊಳಲ್ಕೆರೆ, ಭೀಮಸಮುದ್ರ, ಚನ್ನಗಿರಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮರದ ಮೇಲಿನ ಫಸಲನ್ನು ತೋಟದವನು ಖೇಣಿದಾರನಿಗೆ ವಹಿಸುತ್ತಾನೆ. ನಾಲ್ಕು ಜನ ಖೇಣಿದಾರರು ತೋಟ ನೋಡಲು ಬರುವವರೆಗೆ ತೋಟದವನು ಯಜಮಾನ. ಅವನು ಮೂವರ ಜೊತೆ ಜಗಳ ಮಾಡಿಕೊಂಡು, ಒಬ್ಬನೇ ಉಳಿದರೆ? ಆ ಒಬ್ಬ ಅವನಿಗೆ ಎಷ್ಟೇ ಆಪ್ತನಾಗಿರಲಿ, ಮದುವೆ ಮುಂಜಿಗೆ ಬಂದು ಉಂಡು ಹೋಗುವವನಾಗಿರಲಿ, ದರ ಹೇಳುವ ನಾಲಗೆ ಮಾತ್ರ ಅವನದೇ ಆಗುತ್ತದೆ. "ಈ ಸಲ ಮಾರ್ಕೆಟ್ಟು ಚೆನ್ನಾಗಿಲ್ಲ ಗೌಡ್ರೆ, ನೋಡೋಣ, ಅವಸರವೇನು" ಎಂದು ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋಗುತ್ತಾನೆ. ಕೊಯ್ಲಿಗೆ ಬಂದ ಗೊನೆ ಕಾಯುವುದಿಲ್ಲ.

ರಷ್ಯದ ಅನಿಲದ ಕಥೆ ಅಕ್ಷರಶಃ ಇದೇ. 2021ರವರೆಗೆ ಯುರೋಪು ರಷ್ಯದಿಂದ ವರ್ಷಕ್ಕೆ ಸುಮಾರು 150 ಶತಕೋಟಿ ಘನಮೀಟರ್ ಅನಿಲ ಕೊಳ್ಳುತ್ತಿತ್ತು. ಯುದ್ಧವಾದ ಮೇಲೆ ಆ ವ್ಯಾಪಾರದ ಬಹುಭಾಗ ಹೋಯಿತು. ಚೀನಕ್ಕೆ ಹೋಗುವ ಮೊದಲನೆಯ ಕೊಳವೆಮಾರ್ಗ, 'ಸೈಬೀರಿಯದ ಶಕ್ತಿ' ಎಂಬುದು, ವರ್ಷಕ್ಕೆ 38 ಶತಕೋಟಿ ಘನಮೀಟರಿನದು. ಅದರ ದರದ ಚೌಕಾಸಿ ಹತ್ತು ವರ್ಷಕ್ಕೂ ಮಿಕ್ಕಿ ನಡೆದು, ಕ್ರೈಮಿಯದ ಪ್ರಕರಣದಿಂದ ರಷ್ಯ ಇಕ್ಕಟ್ಟಿಗೆ ಸಿಕ್ಕಿದ 2014ರ ಮೇ ತಿಂಗಳಲ್ಲಿ ಮುಗಿಯಿತೆಂಬುದನ್ನು ಖೇಣಿ ಬಲ್ಲವರು ಗಮನಿಸಬೇಕು. ಯುರೋಪಿಗೆ ಹೋಗುತ್ತಿದ್ದ ಅನಿಲವನ್ನು ಮಂಗೋಲಿಯದ ಮೂಲಕ ಚೀನಕ್ಕೆ ತಿರುಗಿಸುವ ಎರಡನೆಯ ಕೊಳವೆಯದು 50 ಶತಕೋಟಿಯ ಯೋಜನೆ. ವರ್ಷಗಟ್ಟಲೆ ಕಾಯಿಸಿ, 2025ರ ಸೆಪ್ಟೆಂಬರಿನಲ್ಲಿ ಚೀನ ಒಂದು ಒಡಂಬಡಿಕೆಗೆ ರುಜು ಹಾಕಿತು. ಅದರಲ್ಲಿ ಎಲ್ಲ ಇತ್ತು, ದರ ಮಾತ್ರ ಇರಲಿಲ್ಲ. ಅವಸರವೇನು?

ವ್ಯಾಪಾರದ ಮೊತ್ತ ಬೆಳೆಯಿತೆಂಬುದು ಸತ್ಯ. 2022ರಲ್ಲಿ 190 ಶತಕೋಟಿ ಡಾಲರ್ ಇದ್ದದ್ದು 2023ರಲ್ಲಿ 240 ಶತಕೋಟಿ ಮುಟ್ಟಿತು. 2024ರಲ್ಲಿ ಇನ್ನೂ ಸ್ವಲ್ಪ ಏರಿ, 2025ರಲ್ಲಿ ಇಳಿಯಿತು. ಆದರೆ ತಕ್ಕಡಿಯ ಎರಡು ತಟ್ಟೆಗಳನ್ನು ನೋಡಿ. ರಷ್ಯದ ಹೊರದೇಶದ ವ್ಯಾಪಾರದಲ್ಲಿ ಮೂರನೆಯ ಒಂದು ಪಾಲು ಚೀನದ ಜೊತೆ. ಚೀನದ ವ್ಯಾಪಾರದಲ್ಲಿ ರಷ್ಯದ ಪಾಲು ನೂರಕ್ಕೆ ನಾಲ್ಕರಷ್ಟು. ಅಮೆರಿಕದ ಜೊತೆ ಚೀನ ಮಾಡುತ್ತಿದ್ದ ವ್ಯಾಪಾರ 2024ರಲ್ಲಿ ಇದರ ಎರಡೂವರೆ ಪಟ್ಟಿಗೂ ಹೆಚ್ಚು. ಹಾಗಿರುವಾಗ 2023ರ ಡಿಸೆಂಬರಿನಲ್ಲಿ, ರಷ್ಯದ ಯುದ್ಧೋದ್ಯಮಕ್ಕೆ ನೆರವಾಗುವ ಬ್ಯಾಂಕುಗಳನ್ನು ಡಾಲರ್ ವ್ಯವಹಾರದಿಂದ ಹೊರಗಿಡುತ್ತೇವೆಂದು ಅಮೆರಿಕ ಬೆದರಿಸಿದ ಕೂಡಲೇ ಚೀನದ ದೊಡ್ಡ ಬ್ಯಾಂಕುಗಳು ರಷ್ಯದ ಹಣವನ್ನು ತಡೆಯತೊಡಗಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಸಣ್ಣ ವ್ಯಾಪಾರಿಗೆ ಚೆಕ್ಕು ವಾಪಸಾದರೆ ಆಗುವ ಸಂಕಟವೇ ರಷ್ಯದ ವ್ಯಾಪಾರಿಗೂ ಆಯಿತು. 2024ರ ಜನವರಿಯಿಂದ ಚೀನ ಕಲ್ಲಿದ್ದಲಿನ ಮೇಲೆ ಆಮದು ಸುಂಕವನ್ನು ಮತ್ತೆ ಹೇರಿತು. ಪೆಟ್ಟು ಬಿದ್ದದ್ದು ರಷ್ಯದ ಗಣಿಗಳಿಗೆ. ರಷ್ಯವೂ ಸುಮ್ಮನಿರಲಿಲ್ಲ. ತನ್ನ ಪೇಟೆಯನ್ನು ತುಂಬಿದ್ದ ಚೀನದ ಮೋಟಾರು ಕಾರುಗಳ ಮೇಲೆ ಅದೇ ವರ್ಷದ ಅಕ್ಟೋಬರಿನಿಂದ ಶುಲ್ಕ ಏರಿಸಿತು.

ಚೀನ ಎಂಥ ಗಿರಾಕಿ ಎಂಬುದು ನಮ್ಮ ಜಿಲ್ಲೆಗೆ ಗೊತ್ತಿಲ್ಲದ್ದಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನ ಮುಂಚಿನ ವರ್ಷಗಳಲ್ಲಿ ಚೀನದ ಉಕ್ಕಿನ ಕುಲುಮೆಗಳು ಬಾಯ್ದೆರೆದು ಕೂತಿದ್ದಾಗ ಬಳ್ಳಾರಿ, ಸಂಡೂರು, ನಮ್ಮ ಭೀಮಸಮುದ್ರದ ಸುತ್ತಲ ಗುಡ್ಡಗಳು ಲಾರಿಯೇರಿ ಹೊರಟವು. ಕೆಂಪು ಧೂಳು ತೋಟದ ಗರಿಗಳ ಮೇಲೆ ಕೂತಿತು. ಲಾರಿ ಕೊಂಡವರು ಸಾಲ ಮಾಡಿದರು, ಗಣಿಯವರು ಹೆಲಿಕಾಪ್ಟರ್ ಕೊಂಡರು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈಯಲ್ಲಿ ಬಳ್ಳಾರಿಯ, ಆಗಸ್ಟಿನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನ ಗಣಿಗಳನ್ನು ಸುಪ್ರೀಂ ಕೋರ್ಟು ನಿಲ್ಲಿಸಿತು. ಚೀನ ಅಳುತ್ತ ಕೂರಲಿಲ್ಲ. ಆಸ್ಟ್ರೇಲಿಯ, ಬ್ರೆಜಿಲ್ ಅದಿರಿನಿಂದ ಕುಲುಮೆ ಉರಿಸಿತು. ಲಾರಿಯ ಕಂತು ಕಟ್ಟಲಾರದೆ ಉಳಿದವರು ನಮ್ಮವರು. ಗಿರಾಕಿಯನ್ನು ಗೆಳೆಯನೆಂದು ತಿಳಿದವರ ಪಾಡು ಸೈಬೀರಿಯದಲ್ಲಾದರೂ ಅಷ್ಟೆ, ಭೀಮಸಮುದ್ರದಲ್ಲಾದರೂ ಅಷ್ಟೆ.

ನಾವು ಹಿಂದೆ ಮೇಷ್ಟರಾಗಿದ್ದವರು. ನಕ್ಷೆ ಕಂಡರೆ ಕೋಲು ಹಿಡಿಯುವ ಚಟ ಇನ್ನೂ ಹೋಗಿಲ್ಲ. ಓದುಗರ ಮನೆಯಲ್ಲಿ ಮಕ್ಕಳ ಅಟ್ಲಾಸ್ ಇದ್ದರೆ ಪೂರ್ವ ಏಷ್ಯದ ಪುಟ ತೆಗೆಯಲಿ. ಅಮೂರ್ ನದಿಯ ಉತ್ತರಕ್ಕೂ ಉಸ್ಸುರಿಯ ಪೂರ್ವಕ್ಕೂ ಇರುವ ವಿಶಾಲ ಪ್ರದೇಶವನ್ನು ರಷ್ಯದ ಚಕ್ರವರ್ತಿಗಳು 1858 ಮತ್ತು 1860ರ ಒಪ್ಪಂದಗಳಿಂದ ಬಲಹೀನವಾಗಿದ್ದ ಚೀನದಿಂದ ಪಡೆದುಕೊಂಡರು. ವ್ಲಾದಿವಸ್ತೋಕ್ ಬಂದರು ಹುಟ್ಟಿದ್ದು ಆ ನೆಲದ ಮೇಲೆ. ಇಂದು ರಷ್ಯದ ದೂರಪೂರ್ವದಲ್ಲಿ ಇರುವ ಜನ ಸುಮಾರು 80 ಲಕ್ಷ. ಗಡಿಯ ಈಚೆ ಚೀನದ ಮೂರು ಪ್ರಾಂತಗಳಲ್ಲಿ ಹತ್ತು ಕೋಟಿಯ ಹತ್ತಿರ. ಸರ್ಕಾರಗಳು ಈ ವಿಷಯ ಮುಗಿದಿದೆ ಎನ್ನುತ್ತವೆ. ಆದರೆ 2023ರ ಆಗಸ್ಟಿನಲ್ಲಿ ಚೀನ ಪ್ರಕಟಿಸಿದ ನಕ್ಷೆಯಲ್ಲಿ ನಮ್ಮ ಅರುಣಾಚಲ ಪ್ರದೇಶವನ್ನು ತನ್ನದೆಂದು ತೋರಿಸಿದ್ದಕ್ಕೆ ನಾವು ಕೂಗಾಡಿದೆವಲ್ಲ, ಅದೇ ನಕ್ಷೆಯಲ್ಲಿ, ಹಂಚಿಕೊಂಡು ಮುಗಿಸಿದ್ದ ಬಲ್ಷೊಯ್ ಉಸ್ಸುರಿಸ್ಕಿ ದ್ವೀಪವೂ ಇಡಿಯಾಗಿ ಚೀನದ ಬಣ್ಣದಲ್ಲಿತ್ತು. ಮಾಸ್ಕೋ ಕೂಗಾಡಲಿಲ್ಲ, ಗಡಿಯ ವಿಷಯ ಬಗೆಹರಿದಿದೆ ಎಂದಷ್ಟೇ ಹೇಳಿತು. ಒಬ್ಬನೇ ಖೇಣಿದಾರ ಉಳಿದವನಿಗೆ ಬೇಲಿಯ ಬಗ್ಗೆ ಜಗಳ ತೆಗೆಯುವ ಧೈರ್ಯ ಇರುವುದಿಲ್ಲ. ಮಧ್ಯ ಏಷ್ಯದಲ್ಲಿಯೂ, ಒಂದು ಕಾಲಕ್ಕೆ ಸೋವಿಯತ್ ಅಂಗಳವಾಗಿದ್ದ ಕಿರ್ಗಿಜ್ ಮತ್ತು ಉಜ್ಬೆಕ್ ನಾಡುಗಳ ಮೂಲಕ ಚೀನ ರೈಲುದಾರಿ ಹಾಕತೊಡಗಿದೆ. ಆ ದಾರಿ ರಷ್ಯದ ನೆಲವನ್ನು ಮುಟ್ಟುವುದಿಲ್ಲ.

ಹಾಗಾದರೆ ಹುಡುಗ ಸೋತ, ಹಿರಿಯರು ಗೆದ್ದರೆ? ಇಲ್ಲ. ರಷ್ಯ ನಮ್ಮವನು ಎಂಬ ಮಾತಿಗೆ ಆಧಾರವಿದೆ. ಭಿಲಾಯಿ ಉಕ್ಕಿನ ಕಾರ್ಖಾನೆ ಇದೆ, 1971ರ ಆಗಸ್ಟ್ 9ರ ಒಪ್ಪಂದ ಇದೆ, ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಭದ್ರತಾ ಸಮಿತಿಯಲ್ಲಿ ಚಲಾಯಿಸಿದ ವೀಟೊ ಇದೆ. ಆದರೆ 1962ನ್ನು ಮರೆಯಬಾರದು. ಅಕ್ಟೋಬರ್ 20ರಂದು ಚೀನ ನಮ್ಮ ಮೇಲೆ ಬಿದ್ದಾಗ ಕ್ರುಶ್ಚೇವ್ ಕ್ಯೂಬಾದ ಕ್ಷಿಪಣಿ ಪ್ರಕರಣದಲ್ಲಿ ಅಮೆರಿಕದೆದುರು ಸಿಕ್ಕಿಕೊಂಡಿದ್ದರು. ಚೀನದ ಬೆಂಬಲ ಅವರಿಗೆ ಬೇಕಾಗಿತ್ತು. ಆ ವಾರ 'ಪ್ರಾವ್ದಾ' ಪತ್ರಿಕೆ ಚೀನದ ಸಂಧಾನದ ಷರತ್ತುಗಳನ್ನು ಹೊಗಳಿ, ಮೆಕ್‌ಮಹನ್ ರೇಖೆಯನ್ನು ಹಳಿಯಿತು. ನಮಗೆ ಮಿಗ್ ವಿಮಾನ ಕೊಡುವ ಮಾತು ಆ ವರ್ಷವೇ ಆಗಿತ್ತು ಎಂಬುದು ಪ್ರಯೋಜನಕ್ಕೆ ಬರಲಿಲ್ಲ. ಕ್ಯೂಬಾದ ಗಂಡಾಂತರ ಕಳೆದ ಮೇಲೆ, ನವೆಂಬರಿನಲ್ಲಿ, ಅದೇ ಪತ್ರಿಕೆಯ ದನಿ ಮತ್ತೆ ನಮ್ಮ ಕಡೆಗೆ ಮೆತ್ತಗಾಯಿತು. ಹತ್ತು ದಿನಗಳ ಅಂತರ. ಆ ಹತ್ತು ದಿನಗಳಲ್ಲಿ ತವಾಂಗ್ ಹೋಯಿತು. ಗಮನಿಸಿ: ರಷ್ಯ–ಚೀನಗಳ ನಡುವೆ ಬಿರುಕು ಆಗಲೇ ಬಿದ್ದಿತ್ತು, ತಜ್ಞರು ವಾಪಸಾಗಿ ಎರಡು ವರ್ಷವಾಗಿತ್ತು. ಅವರ ಸ್ನೇಹಕ್ಕೆ ಎಲ್ಲೆ ಇತ್ತು ನಿಜ, ಆ ಎಲ್ಲೆ ನಮ್ಮನ್ನು ಕಾಯಲಿಲ್ಲ.

2020ರ ಜೂನ್ 15ರ ರಾತ್ರಿ ಗಾಲ್ವನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಸತ್ತರು. ಒಂದೇ ವಾರದಲ್ಲಿ ರಕ್ಷಣಾ ಸಚಿವರು ಮಾಸ್ಕೋದಲ್ಲಿದ್ದರು. ರಷ್ಯ ಯಾರ ಪಕ್ಷವನ್ನೂ ವಹಿಸಲಿಲ್ಲ. ಸೆಪ್ಟೆಂಬರ್ 10ರಂದು ಎರಡೂ ದೇಶಗಳ ವಿದೇಶಾಂಗ ಸಚಿವರು ಕೂತು ಮಾತನಾಡಲು ಮಾಸ್ಕೋದಲ್ಲಿ ಒಂದು ಮೇಜು ಸಿಕ್ಕಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಸ್–400 ಎಂಬ ಕ್ಷಿಪಣಿ ತಡೆಯ ಯಂತ್ರವನ್ನು ಅದೇ ರಷ್ಯ 2018ರಲ್ಲಿ ಚೀನಕ್ಕೆ ತಲುಪಿಸಿತು, ಅದೇ ವರ್ಷ ನಮಗೂ ಮಾರಲು ಒಪ್ಪಿತು. ನಮ್ಮ ಪಾಲಿನದರಲ್ಲಿ ಕೆಲವು ಬಂದವು, ಉಳಿದವು ಉಕ್ರೇನ್ ಯುದ್ಧದಿಂದಾಗಿ ತಡವಾದವು. ನಮ್ಮ ಭಯ ಇಲ್ಲಿರುವುದು. ರಷ್ಯ ಚೀನದ ಆಜ್ಞಾಧಾರಕನಾಗಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ಯಂತ್ರದ ಬಿಡಿಭಾಗಕ್ಕೂ, ಎಣ್ಣೆಯ ಮಾರಾಟಕ್ಕೂ ಚೀನದ ಬಾಗಿಲಲ್ಲೇ ನಿಲ್ಲಬೇಕಾದ ರಷ್ಯ, ನಾಳೆ ಲಡಾಖಿನಲ್ಲಿ ಗುಂಡು ಹಾರಿದರೆ, ನಮ್ಮ ಸುಖೋಯ್ ವಿಮಾನಕ್ಕೆ ಬೇಕಾದ ಭಾಗವನ್ನು ಹೊತ್ತಿಗೆ ಸರಿಯಾಗಿ ಕಳಿಸೀತೆ? ದಿಲ್ಲಿಯಲ್ಲಿ ಈ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳುವವರು ಕಡಿಮೆ.

ಇದನ್ನೇ ಹಿಡಿದುಕೊಂಡು, ಅವರಿಬ್ಬರೂ ಒಂದೇ ಆದುದರಿಂದ ಅಮೆರಿಕದ ಸೆರಗು ಹಿಡಿಯೋಣ ಎಂದು ಬರೆಯುವ ಪತ್ರಿಕೆಗಳೂ ಇವೆ. ಅವಕ್ಕೆ ನಮ್ಮ ಉತ್ತರ 2025ರ ಆಗಸ್ಟ್ ತಿಂಗಳು. ರಷ್ಯದ ಎಣ್ಣೆ ಕೊಂಡ ತಪ್ಪಿಗೆಂದು ಅಮೆರಿಕ ನಮ್ಮ ಸರಕಿನ ಮೇಲೆ ನೂರಕ್ಕೆ 25ರಷ್ಟು ಹೆಚ್ಚುವರಿ ಸುಂಕ ಹೇರಿ, ಒಟ್ಟು 50ಕ್ಕೆ ಏರಿಸಿತು. ಪೆಟ್ಟು ಬಿದ್ದದ್ದು ಗಾರ್ಮೆಂಟ್ಸಿಗೆ, ಆ ಹುಡುಗನಂಥವರ ಕೂಲಿಗೆ. ನಮಗಿಂತ ಹೆಚ್ಚು ರಷ್ಯದ ಎಣ್ಣೆ ಕೊಳ್ಳುತ್ತಿದ್ದ ಚೀನಕ್ಕೆ ಆಗ ಆ ದಂಡ ಬೀಳಲಿಲ್ಲ. ಬಲವುಳ್ಳವನ ಜೊತೆ ಮಾತು, ಉಳಿದವರಿಗೆ ಬೆತ್ತ.

ಆ ಎಣ್ಣೆಯ ಲೆಕ್ಕವನ್ನೂ ಕೇಳಬೇಕಾಗಿದೆ. 2022ಕ್ಕೆ ಮುಂಚೆ ನಮ್ಮ ಆಮದಿನಲ್ಲಿ ರಷ್ಯದ ಎಣ್ಣೆ ನೂರಕ್ಕೆ ಎರಡರಷ್ಟೂ ಇರಲಿಲ್ಲ. 2023ರಲ್ಲಿ ಮೂರನೆಯ ಒಂದು ಪಾಲು ದಾಟಿತು. ಅಗ್ಗವಾಗಿ ಸಿಕ್ಕಿತು, ಕೊಂಡದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ 2022ರ ಮೇಯಿಂದ 2024ರ ಮಾರ್ಚಿನವರೆಗೆ, ಹೆಚ್ಚುಕಡಿಮೆ ಎರಡು ವರ್ಷ, ಬಂಕಿನಲ್ಲಿ ದರ ಕದಲಲಿಲ್ಲ. ಆಮೇಲೆ ಇಳಿದದ್ದು ಎರಡು ರೂಪಾಯಿ. ಅಗ್ಗದ ಲಾಭ ಗುಜರಾತಿನ ಕಡಲ ತೀರದ ಖಾಸಗಿ ಸಂಸ್ಕರಣಾಗಾರಗಳಲ್ಲಿ ಎಷ್ಟು ನಿಂತಿತು, ಸರ್ಕಾರಿ ಕಂಪೆನಿಗಳಲ್ಲಿ ಎಷ್ಟು ನಿಂತಿತು? ದಂಡವನ್ನು ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಹೊರಬೇಕಾದರೆ ಲಾಭದ ಲೆಕ್ಕವನ್ನು ಅವರಿಗೂ ತೋರಿಸಬೇಕು. ನಮ್ಮ ಲೋಕಸಭಾ ಸದಸ್ಯರು ಈ ಒಂದು ಪ್ರಶ್ನೆಯನ್ನಾದರೂ ಸಭೆಯಲ್ಲಿ ಎತ್ತಬೇಕೆಂದು ನಾವು ಕೇಳುತ್ತೇವೆ.

ದುರ್ಗದ ಸೀಮೆಯವರಿಗೆ ಇದೆಲ್ಲ ಹೊಸ ಪಾಠವಲ್ಲ. ಕಡೆಯ ಮದಕರಿನಾಯಕ ಒಂದು ಕಾಲಕ್ಕೆ ಹೈದರಾಲಿಗೆ ನೆರವಾದವನು, ಇನ್ನೊಂದು ಕಾಲಕ್ಕೆ ಮರಾಠರ ಕಡೆ ನೋಡಿದವನು. ಇಬ್ಬರೂ ಅವನಿಗೆ ಸ್ನೇಹದ ಮಾತು ಆಡಿದವರೇ. 1777ರಲ್ಲಿ ಹೈದರ್ ಮುತ್ತಿಗೆ ಹಾಕಿದ. 1779ರಲ್ಲಿ ಕೋಟೆ ಬಿದ್ದಾಗ ಮರಾಠರ ಕುದುರೆಯ ಸದ್ದು ಯಾರಿಗೂ ಕೇಳಿಸಲಿಲ್ಲ. 1950ರಲ್ಲಿ ಚೀನದ ಸೈನ್ಯ ಟಿಬೆಟ್ಟನ್ನು ಹೊಕ್ಕಾಗ ದಿಲ್ಲಿ ಭಾಯಿ-ಭಾಯಿ ಎನ್ನುವ ಹುಮ್ಮಸ್ಸಿನಲ್ಲಿತ್ತು. ಇದು ಶಿಶುಹತ್ಯೆ ಎಂದು ಕೂಗಿ ಹೇಳಿದ ಕೆಲವರಲ್ಲಿ ಡಾ. ಲೋಹಿಯಾ ಒಬ್ಬರು. ಮರುವರ್ಷ ಅದೇ ಮನುಷ್ಯ ನಮ್ಮ ಕಾಗೋಡಿಗೆ ಬಂದು ಗೇಣಿದಾರರ ಪರವಾಗಿ ಸೆರೆ ಹೋದರು. ಟಿಬೆಟ್ಟೂ ಕಾಗೋಡೂ ಬೇರೆ ಬೇರೆ ಎಂದು ಅವರಿಗೆ ಅನ್ನಿಸಿರಲಿಲ್ಲ.

ಬಿ.ದುರ್ಗದ ಜಗಲಿಗೆ ಮರಳುತ್ತೇವೆ. ಸಂಜೆ ನಾಲ್ಕರ ಹೊತ್ತಿಗೆ ಲಾರಿ ಬಂತು. ಒಬ್ಬರಿಗೆ ಎರಡೇ ಚೀಲ ಎಂದರು. ಹಿರಿಯರ ಚೀಲಗಳನ್ನು ಹುಡುಗನೇ ಹೆಗಲಿಗೆ ಹಾಕಿಕೊಂಡ, ಗಾಡಿಯ ಮೇಲೆ ಇಳಿಸುವಾಗ ಬಗ್ಗಿ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದ.

"ಯಾರದೋ, ರಷ್ಯದವನದಾ?" ಎಂದರು ಹಿರಿಯರು.

"ಅಲ್ಲಜ್ಜ, ಸೌದಿ ಅರೇಬಿಯ ಅಂತೈತೆ."

"ಅವನೇನಂತೆ ನಮಗೆ?" ಎಂದು ಕೇಳಿದ ಹಿರಿಯರು ಉತ್ತರಕ್ಕೆ ಕಾಯದೆ, ಮೋಡ ನೋಡಿ, ಗಾಡಿ ಹೊಡೆಯಲು ಹೇಳಿದರು.